ಮೊದಲ ದಿನವೇ ಎಲ್ಲಾ ಹೇಳಬೇಕಿಲ್ಲ, ತಂಗಿ

ಕಳೆದ ವಾರದ ಸಮಸ್ಯೆ: ನನಗೆ 26 ವರ್ಷ, ಗಂಗಾವತಿಯಲ್ಲಿ ಕೆಲಸ. ಅಪ್ಪ ಹೋಗಿ ಒಂಬತ್ತು ತಿಂಗಳಾಯಿತು. ರಾತ್ರಿ ನಿದ್ದೆ ಇಲ್ಲ, ಸುಮ್ನೆ ಕೂತಾಗಲೂ ಎದೆ ಡವಡವ. ಡಾಕ್ಟರು ಇಸಿಜಿ, ರಕ್ತ ಎಲ್ಲಾ ನೋಡಿ, ಆಪ್ತಸಮಾಲೋಚಕರನ್ನು ಕಾಣಲು ಬರೆದುಕೊಟ್ಟಿದ್ದಾರೆ. ಸೋಮವಾರ ಬಳ್ಳಾರಿಗೆ ಹೋಗಬೇಕು. ಏನು ಕೇಳುತ್ತಾರೆ? ಅತ್ತುಬಿಟ್ಟರೆ? ಅವ್ವನಿಗೆ ಗೊತ್ತಾದರೆ?

ಓದುಗರ ಉತ್ತರಗಳು:

ಗೃಹಿಣಿ, ಸಿಂಧನೂರು

ತಂಗಿ, ಹೋಗು. ನಿನ್ನ ಪತ್ರ ಓದುವಾಗ ಮೂರು ವರ್ಷದ ಹಿಂದಿನ ನನ್ನ ಕಥೆಯೇ ಕಣ್ಮುಂದೆ ಬಂತು. ನಾನು ರಾಯಚೂರಿಗೆ ಹೋಗಿದ್ದೆ. ಏನು ಹೇಳಬೇಕು ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಒಳಗೆ ಕೂತ ಮೇಲೆ ಒಂದೂ ನೆನಪಾಗಲಿಲ್ಲ. ಮನೆಯಲ್ಲಿ ಯಾರ್ಯಾರಿದ್ದೀರಿ, ಊಟ ಹೇಗೆ, ಎಷ್ಟು ಹೊತ್ತು ಮಲಗ್ತೀರಿ, ಯಾವ ಮಾತ್ರೆ ತಗೊಳ್ತೀರಿ ಅಂತ ಆ ಮೇಡಂ ಮೆಲ್ಲಗೆ ಶುರು ಮಾಡಿದರು. ಸಾಯಬೇಕು ಅನ್ನಿಸಿದ್ದುಂಟಾ ಅಂತಲೂ ಕೇಳಿದರು. ನಿನಗೂ ಕೇಳಿದರೆ ಗಾಬರಿ ಬೀಳಬೇಡ. ಇದ್ದದ್ದು ಇದ್ದ ಹಾಗೆ ಹೇಳು.

ನನ್ನ ಬಾಯಿಂದ ಬಂದದ್ದು ರೊಟ್ಟಿ ವಿಷಯ. ದಿನಾ ಇಪ್ಪತ್ತು ರೊಟ್ಟಿ ಬಡಿಯುವವಳು ನಾನು. ಆಗ ಹಿಟ್ಟು ನಾದಿ ಇಟ್ಟರೆ ಕೈ ಮುಂದೆ ಹೋಗುತ್ತಿರಲಿಲ್ಲ. ಹಂಚು ಹೊಗೆಯಾಡುತ್ತಿತ್ತು, ಪರಾತದಲ್ಲಿ ಉಂಡೆ ಒಣಗಿ ಬಿರುಕು ಬಿಡುತ್ತಿತ್ತು, ನಾನು ನೋಡುತ್ತಾ ಕೂತಿರುತ್ತಿದ್ದೆ. ಇದೂ ಒಂದು ಹೇಳೋ ಮಾತಾ ಅಂತ ನಾಚಿಕೆ. ಅವರು ಅದನ್ನೇ ಬರೆದುಕೊಂಡು, ‘ಎಷ್ಟು ದಿನದಿಂದ ಹೀಗೆ?’ ಅಂದರು. ಆಗ ಅಳು ತಡೆಯಲಾಗಲಿಲ್ಲ. ಅವರು ಸುಮ್ಮನೆ ಕೂತಿದ್ದರು. ಅಳಬೇಡ ಅನ್ನಲಿಲ್ಲ. ಮನೆಯಲ್ಲಿ ಎಲ್ಲರೂ ಅಳಬೇಡ ಅಂದವರೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವತ್ತು ಮನೆಗೆ ಬಂದಾಗ ಮನಸ್ಸು ಇನ್ನೂ ಭಾರ ಆಗಿತ್ತು. ಎರಡು ದಿನ ಯಾರ ಹತ್ತಿರವೂ ಮಾತು ಬೇಡವಾಗಿತ್ತು. ಇನ್ನು ಹೋಗಲ್ಲ ಅಂತಲೇ ಅಂದುಕೊಂಡಿದ್ದೆ. ಮುಚ್ಚಿಟ್ಟದ್ದನ್ನು ಹೊರಗೆ ತೆಗೆದಾಗ ಕೆಲವರಿಗೆ ಹಾಗಾಗುತ್ತೆ ಅಂತ ಎರಡನೇ ಸಲ ಹೋದಾಗ ಮೇಡಂ ಹೇಳಿದರು. ನನಗೆ ಫರಕ್ ಗೊತ್ತಾಗಿದ್ದು ನಾಲ್ಕನೇ ಸಲದ ಹೊತ್ತಿಗೆ.

ನಿವೃತ್ತ ಆರೋಗ್ಯ ಸಹಾಯಕರು, ಬಳ್ಳಾರಿ

ಬಳ್ಳಾರಿಗೆ ಬರೋಕೆ ಅಂಜಬೇಡವ್ವ. ಮನಸ್ಸಿನ ಕಾಯಿಲೆಗೆ ಊರಿನ ಆರೋಗ್ಯ ಕೇಂದ್ರದಲ್ಲೇ ಔಷಧ ಸಿಗಬೇಕು ಅಂತ ನಿಮ್ಹಾನ್ಸ್‌ನವರು 80ರ ದಶಕದಲ್ಲಿ ಪ್ರಯೋಗ ಮಾಡಿದ್ದು ನಮ್ಮ ಜಿಲ್ಲೆಯಲ್ಲೇ. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ‘ಬಳ್ಳಾರಿ ಮಾದರಿ’ಯನ್ನೇ ತಗೊಂಡರು. ನನಗೆ ಅದರ ಬಗ್ಗೆ ಇವತ್ತಿಗೂ ಹೆಮ್ಮೆ.

ಆಪ್ತಸಮಾಲೋಚಕರು ಮಾತಿನಿಂದ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಬೇಕಾದರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಸಾಮಾನ್ಯವಾಗಿ ಮುಕ್ಕಾಲು ಗಂಟೆ ಮಾತಾಡಿಸುತ್ತಾರೆ. ಅವ್ವನಿಗೆ ಹೇಳುತ್ತಾರಾ ಅಂತ ಕೇಳಿದ್ದೀ. ನಿನ್ನನ್ನು ಕೇಳದೆ ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಗೋಪ್ಯತೆಯ ಹಕ್ಕಿದೆ. ಜೀವಕ್ಕೆ ಅಪಾಯ ಇದೆ ಅನ್ನಿಸಿದಾಗ, ಕೋರ್ಟು ಕೇಳಿದಾಗ, ಅಂಥ ಕೆಲವು ಸಂದರ್ಭ ಬೇರೆ. ಇದನ್ನು ಮೊದಲ ದಿನವೇ ಅವರ ಬಾಯಿಂದಲೇ ಕೇಳಿ ತಿಳಿದುಕೋ.

ಸೋಮವಾರದ ತನಕ ರಾತ್ರಿ ತೀರಾ ಕಷ್ಟ ಆದರೆ 14416ಕ್ಕೆ ಫೋನ್ ಮಾಡು. ಅದು ಮನಸ್ಸಿನ ಕಷ್ಟಕ್ಕೆ ಸರ್ಕಾರ ಇಟ್ಟಿರುವ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು.

ಉಪನ್ಯಾಸಕ, ಕೊಪ್ಪಳ

ನಾನು ಮೊದಲು ಹೋದ ಕಡೆ ಹತ್ತೇ ನಿಮಿಷ ಕೇಳಿ, ‘ಮದುವೆ ಆಗಿ, ಎಲ್ಲಾ ಸರಿಹೋಗುತ್ತೆ’ ಅಂದರು. ಅದಾದ ಮೇಲೆ ಒಂದು ವರ್ಷ ಎಲ್ಲಿಗೂ ಹೋಗಲಿಲ್ಲ. ಆ ವರ್ಷ ಸುಮ್ನೆ ಹಾಳಾಯಿತು ಅಂತ ಈಗಲೂ ಸಂಕಟ ಆಗುತ್ತದೆ. ನಿಮಗೆ ಹೊಂದದಿದ್ದರೆ ಬೇರೆಯವರ ಹತ್ತಿರ ಹೋಗಿ. ಯಾರೂ ತಪ್ಪು ತಿಳಿಯುವುದಿಲ್ಲ. ಇಸಿಜಿ, ರಕ್ತದ ರಿಪೋರ್ಟು ಜೊತೆಗಿರಲಿ. ಫೀಸೆಷ್ಟು, ಎಷ್ಟು ಸಲ ಬರಬೇಕಾಗಬಹುದು ಅಂತ ಸಂಕೋಚ ಇಲ್ಲದೆ ಕೇಳಿ. ಮಾತು ಹೊರಡದಿದ್ದರೆ ಈ ಪತ್ರವನ್ನೇ ಅವರ ಕೈಗೆ ಕೊಟ್ಟುಬಿಡಿ. ಅಷ್ಟು ಚೆನ್ನಾಗಿ ಬರೆದಿದ್ದೀರಿ.

ಒಬ್ಬ ತಾಯಿ, ಮಾನ್ವಿ

ನನ್ನ ಮಗ ಆರು ತಿಂಗಳು ನನಗೆ ಹೇಳದೆ ಹೋಗುತ್ತಿದ್ದ. ಗೊತ್ತಾದ ದಿನ ಜೋರಾಗಿ ಬೈದೆ. ಈ ರಾಯಚೂರು ಬಿಸಿಲಲ್ಲಿ ಉಣ್ಣದೆ, ಒಬ್ಬನೇ ಹೋಗಿ ಬರುತ್ತಿದ್ದನಲ್ಲ ಅಂತ ಹೊಟ್ಟೆ ಉರಿಯಿತು. ಈಗ ಅವನು ಹೋಗುವ ದಿನ ನಾನೇ ಬುತ್ತಿ ಕಟ್ಟಿ ಕೊಡುತ್ತೇನೆ. ನಿಮ್ಮವ್ವನೂ ಗಂಡನನ್ನು ಕಳಕೊಂಡವರಲ್ವಾ? ಅವರಿಗೆ ರಾತ್ರಿ ನಿದ್ದೆ ಹತ್ತುತ್ತದಾ, ಒಮ್ಮೆ ಕೇಳಿ ನೋಡವ್ವ.