ಊಟ ಬಿಟ್ಟ ಒಂಬತ್ತು ವರ್ಷದ ಬಿಯರ್ಡೆಡ್ ಡ್ರ್ಯಾಗನ್: ಮೊದಲು ಕಾವು, ಆಮೇಲೆ ನೀರು, ಊಟ ಕೊನೆಗೆ

ಪ್ರಶ್ನೆ (ಗೃಹಿಣಿ, ಪಿ.ಜೆ. ಬಡಾವಣೆ, ದಾವಣಗೆರೆ):

ಡಾಕ್ಟ್ರೇ, ನಮಸ್ಕಾರ. ನಮ್ಮನೆ ಬಿಯರ್ಡೆಡ್ ಡ್ರ್ಯಾಗನ್ ಹೆಸರು ಗುಂಡ. ವಯಸ್ಸು ಒಂಬತ್ತು. ಮಗ ಪಿಯುಸಿ ಓದುವಾಗ ತಂದಿದ್ದ. ಈಗ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಗುಂಡ ನನ್ನ ಹತ್ತಿರವೇ ಉಳಿದ. "ಓತಿಕ್ಯಾತನ್ನ ಯಾರಾದ್ರೂ ಮನೇಲಿ ಸಾಕ್ತಾರಾ" ಅಂತ ಮೊದಲು ನಾನೇ ಬೈದಿದ್ದೆ. ಈಗ ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ಅವನನ್ನೇ.

ಹನ್ನೆರಡು ದಿನದಿಂದ ಏನೂ ತಿಂದಿಲ್ಲ. ಮೂಲೆಯಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಾನೆ. ಗಡ್ಡ, ಅಂದರೆ ಗಂಟಲ ಕೆಳಗಿನ ಮುಳ್ಳುಮುಳ್ಳು ಚರ್ಮ, ಕಪ್ಪಾಗಿದೆ. ಕಣ್ಣು ಗುಳಿ ಬಿದ್ದ ಹಾಗಿದೆ. ಹೊಟ್ಟೆ ಖಾಲಿ ಇರಬಾರದು ಅಂತ ಮೂರು ದಿನದಿಂದ ಬಾಳೆಹಣ್ಣು, ಬೆಂದ ಮೊಟ್ಟೆ, ಸ್ವಲ್ಪ ಹಾಲು ಮಿಕ್ಸಿಗೆ ಹಾಕಿ ಸಿರಿಂಜಿನಲ್ಲಿ ಬಾಯಿಗೆ ಬಿಡುತ್ತಿದ್ದೇನೆ. ಅರ್ಧ ಹೊರಗೆ ಬರುತ್ತೆ. ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಹೇಳಿ.

ವೈದ್ಯರ ಉತ್ತರ:

ಅಕ್ಕ, ಆ ಸಿರಿಂಜನ್ನು ಇವತ್ತಿಗೆ ನಿಲ್ಲಿಸಿ. ನೀವು ತಪ್ಪು ಮಾಡಿದಿರಿ ಅಂತ ಹೇಳುತ್ತಿಲ್ಲ. ಉಪವಾಸ ಇರುವ ಜೀವ ಕಂಡರೆ ಯಾರಿಗಾದರೂ ಮೊದಲು ಊಟವೇ ನೆನಪಾಗುತ್ತದೆ. ಆದರೆ ಈ ಪ್ರಾಣಿಯ ವಿಷಯದಲ್ಲಿ ಊಟ ಮೂರನೇ ಕೆಲಸ. ಹಾಲಂತೂ ಬೇಡವೇ ಬೇಡ, ಸರೀಸೃಪಗಳಿಗೆ ಅದು ಅರಗುವುದಿಲ್ಲ.

ನಾಲ್ಕು ವಿಷಯ ತಿಳಿಸಿ. ಈಗಿನ ತೂಕ ಎಷ್ಟು, ಚೆನ್ನಾಗಿದ್ದಾಗ ಎಷ್ಟಿತ್ತು? ದೀಪದ ಕೆಳಗೆ ಎಷ್ಟು ಡಿಗ್ರಿ ಇದೆ? ಕೊನೆಯ ಸಲ ಮಲ ಹಾಕಿದ್ದು ಯಾವಾಗ, ಅದರ ಬಿಳಿ ಭಾಗ ಹೇಗಿತ್ತು? ದಿನಾ ಏನು ತಿನ್ನುತ್ತಿದ್ದ?

ಪ್ರಶ್ನೆ ಕೇಳಿದವರು:

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಈಗಷ್ಟೇ ತೂಗಿದೆ, 345 ಗ್ರಾಂ. ದೀಪಾವಳಿಗೆ ಮಗ ಬಂದಾಗ ತೂಗಿ 420 ಅಂತ ಬರೆದಿಟ್ಟಿದ್ದಾನೆ. ಬಿಸಿಯ ಬಲ್ಬು ಹೋಗಿ ತಿಂಗಳಾಯಿತು, ಅದರ ಜಾಗದಲ್ಲಿ ಎಲ್‌ಇಡಿ ಹಾಕಿದ್ದೆ. ಅದರ ಕೆಳಗೆ 26 ತೋರಿಸುತ್ತಿದೆ. ಬಿಸಿಲಿನ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬ್ ಉರಿಯುತ್ತೆ, ಹಾಕಿ ಎರಡು ವರ್ಷದ ಮೇಲಾಯಿತು. ಮಲ ಹಾಕಿ ಒಂಬತ್ತು ದಿನ. ಬಿಳಿ ಭಾಗ ಹಳದಿಯಾಗಿತ್ತು, ಸುಣ್ಣದ ಕಡ್ಡಿಯ ಹಾಗೆ ಗಟ್ಟಿ. ಊಟಕ್ಕೆ ದಿನಾ ಪಾಲಕ್, ಜೊತೆಗೆ ಅಂಗಡಿಯ ಸೂಪರ್‌ವರ್ಮ್ ಅನ್ನೋ ಹುಳು ಏಳೆಂಟು.

ವೈದ್ಯರ ಉತ್ತರ:

ಅಕ್ಕ, ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಇವು ಮಧ್ಯ ಆಸ್ಟ್ರೇಲಿಯಾದ ಒಣನೆಲದ ಪ್ರಾಣಿಗಳು. ನಮ್ಮ ಹಾಗೆ ಮೈಯೊಳಗೇ ಕಾವು ಹುಟ್ಟಿಸಿಕೊಳ್ಳಲು ಇವಕ್ಕೆ ಆಗುವುದಿಲ್ಲ. ಹೊರಗಿನ ಬಿಸಿ ಸಿಕ್ಕರೆ ಮಾತ್ರ ಹೊಟ್ಟೆ ಕೆಲಸ ಮಾಡುತ್ತದೆ. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಜನವರಿಯ ಚಳಿಯಲ್ಲಿ ತಣ್ಣಗಿರುವ ಹೊಟ್ಟೆಗೆ ಊಟ ಹಾಕುವುದು ಒಲೆ ಹಚ್ಚದೆ ಅನ್ನಕ್ಕಿಟ್ಟ ಹಾಗೆ. ಅಕ್ಕಿ ಬೇಯುವುದಿಲ್ಲ, ನೆನೆದು ನೆನೆದು ಹುಳಿಯುತ್ತದೆ.

ಹಾಗಾಗಿ ಇವತ್ತಿನ ಕೆಲಸ ಕಾವು. ಹ್ಯಾಲೊಜೆನ್ ಬಲ್ಬ್ ಅಥವಾ ಒಳಗೆ ತಂತಿ ಇರುವ ಹಳೆಯ ಥರದ ಬಲ್ಬ್ ತನ್ನಿ. ಅವನು ಕೂರುವ ಕಲ್ಲಿನ ಮೇಲೆ, ಅಂದರೆ ಅವನ ಬೆನ್ನು ಇರುವ ಎತ್ತರದಲ್ಲಿ, 38ರಿಂದ 40 ಡಿಗ್ರಿ ಬರುವಂತೆ ದೀಪವನ್ನು ಹತ್ತಿರ ದೂರ ಮಾಡಿ ನೋಡಿ. ತೊಟ್ಟಿಯ ಇನ್ನೊಂದು ತುದಿ 26ರ ಆಸುಪಾಸು ಇರಲಿ, ಸಾಕು ಅನ್ನಿಸಿದಾಗ ಅವನು ಆ ಕಡೆ ಸರಿಯುವಂತಿರಬೇಕು. ತೊಟ್ಟಿಗೆ ಅಂಟಿಸಿದ ಗುಂಡು ಮೀಟರ್ ನಂಬಬೇಡಿ, ವೈರಿನ ತುದಿಯಲ್ಲಿ ಅಳೆಯುವ ಡಿಜಿಟಲ್ ಥರ್ಮಾಮೀಟರ್ ಬೇಕು. ರಾತ್ರಿ ದೀಪ ಆರಿಸಿ, ಆದರೆ ಕಾಯಿಲೆ ಇರುವಷ್ಟು ದಿನ 22ಕ್ಕಿಂತ ಕೆಳಗೆ ಹೋಗದಿರಲಿ. ಬೆಳಕಿಲ್ಲದೆ ಬರೀ ಬಿಸಿ ಕೊಡುವ ಸೆರಾಮಿಕ್ ಹೀಟರ್ ಇದಕ್ಕೆಂದೇ ಸಿಗುತ್ತದೆ. ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಕರೆಂಟಿಗೆ ಹಾಕುವ ಬಿಸಿ ಕಲ್ಲು ಮಾತ್ರ ಬೇಡ. ಹೊಟ್ಟೆ ಸುಟ್ಟರೂ ಇವು ಅದರ ಮೇಲಿಂದ ಏಳುವುದಿಲ್ಲ. ಅಂಥ ಗಾಯ ನೋಡಿ ಬಹಳ ಸಂಕಟಪಟ್ಟಿದ್ದೇನೆ.

ಟ್ಯೂಬ್ ಉರಿಯುತ್ತಿದ್ದರೂ ಅದರಿಂದ ಬರುವ ಯುವಿಬಿ ತಿಂಗಳು ಕಳೆದಂತೆ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದೊಳಗೆ ಬದಲಾಯಿಸಬೇಕು. ಯುವಿಬಿ ಇಲ್ಲದಿದ್ದರೆ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಹೊಸದು ಬರುವವರೆಗೆ ನಮ್ಮೂರ ಬಿಸಿಲಿದೆಯಲ್ಲ, ಅದಕ್ಕಿಂತ ಒಳ್ಳೆಯ ಟ್ಯೂಬ್ ಯಾವುದೂ ಇಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ ತಾರಸಿಗೆ ಕರೆದೊಯ್ಯಿರಿ. ತಂತಿಬಲೆಯ ಪಂಜರದಲ್ಲಿ, ಅರ್ಧಕ್ಕೆ ಬಟ್ಟೆ ಹಾಕಿ ನೆರಳು ಮಾಡಿ. ಗಾಜಿನ ತೊಟ್ಟಿಯಲ್ಲಿಟ್ಟು ಬಿಸಿಲಿಗೆ ಇಟ್ಟರೆ ನಿಮಿಷಗಳಲ್ಲಿ ಒಳಗೇ ಬೆಂದು ಹೋಗುತ್ತಾನೆ. ಕಿಟಕಿ ಗಾಜಿನ ಹಿಂದೆ ಕೂರಿಸಿದರೆ ಪ್ರಯೋಜನವಿಲ್ಲ, ಯುವಿಬಿಯನ್ನು ಗಾಜು ತಡೆದುಬಿಡುತ್ತದೆ. ಕಾಗೆ, ಹದ್ದು, ಬೆಕ್ಕು ಇವೆ, ನೀವು ಪಕ್ಕದಲ್ಲೇ ಇರಿ.

ಮೈ ಬೆಚ್ಚಗಾದ ಮೇಲೆ ನೀರು. ಗುಳಿ ಬಿದ್ದ ಕಣ್ಣು, ಸುಣ್ಣದಂತೆ ಗಟ್ಟಿಯಾದ ಬಿಳಿ ಭಾಗ, ಎರಡೂ ಹೇಳುವುದು ಮೈಯಲ್ಲಿ ನೀರಿಲ್ಲ ಅಂತ. ಸೂಜಿ ತೆಗೆದ ಒಂದು ಎಂಎಲ್ ಸಿರಿಂಜಿನಲ್ಲಿ ನೀರು ತೆಗೆದುಕೊಂಡು ಮೂಗಿನ ತುದಿಗೆ ಒಂದು ಹನಿ ಬಿಡಿ. ಕಾಯಿರಿ. ನಾಲಿಗೆ ಹೊರಗೆ ಬಂದು ನೆಕ್ಕಿದರೆ ಇನ್ನೊಂದು ಹನಿ. ಗುಂಡನ ತೂಕಕ್ಕೆ ದಿನಕ್ಕೆ ಸುಮಾರು ಏಳು ಎಂಎಲ್, ಏಳೆಂಟು ಸಲಕ್ಕೆ ಹಂಚಿ. ದಿನಕ್ಕೊಮ್ಮೆ ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕೂರಿಸಿ. ನೀರು ಅವನ ಭುಜ ದಾಟಬಾರದು, ನಿಮ್ಮ ಕೈ ಅವನ ಎದೆಯ ಕೆಳಗಿರಬೇಕು. ಚರ್ಮದಿಂದ ನೀರು ಹೀರುತ್ತಾನೆ ಅಂತ ಸ್ನಾನದ ಮೇಲೇ ಭಾರ ಹಾಕಬೇಡಿ. ಕುಡಿದದ್ದೇ ಲೆಕ್ಕ. ಆದರೆ ಬೆಚ್ಚನೆ ನೀರಲ್ಲಿ ಎಷ್ಟೋ ಸಲ ಮಲ ಸಡಿಲವಾಗುತ್ತದೆ. ಆಮೇಲೆ ಒರೆಸಿ ನೇರ ದೀಪದ ಕೆಳಗೆ ಬಿಡಿ.

ಮಲ ಬರದೆ ಒಂಬತ್ತು ದಿನ ಅಂದಿರಲ್ಲ, ಅದು ನನಗೆ ಚಿಂತೆ. ಕರುಳು ಕಟ್ಟಿದ್ದರೆ ಮೇಲಿಂದ ಊಟ ಹಾಕಿದಷ್ಟೂ ಅಪಾಯ. ನಾಳೆಯೇ ಕರೆತನ್ನಿ. ಒಂದು ಎಕ್ಸ್‌ರೇ, ಒಂದು ರಕ್ತಪರೀಕ್ಷೆ ಮಾಡೋಣ. ತೂಕದಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ ಹೋಗಿದೆ, ಮನೆಯಲ್ಲಿ ಕಾದು ನೋಡುವ ಹಂತ ಅಲ್ಲ ಇದು.

ಸದಸ್ಯರೊಬ್ಬರು (ಚಿತ್ರದುರ್ಗ):

ಸರ್, ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಇದು ಚಳಿಗಾಲದ ನಿದ್ದೆ ಇರಬಹುದಲ್ವಾ? ನಮ್ಮದೂ ಡಿಸೆಂಬರಿನಲ್ಲಿ ಮೂರು ವಾರ ತಿನ್ನದೆ ಮಲಗಿತ್ತು. ಆಮೇಲೆ ತಾನೇ ಎದ್ದು ಸರಿಯಾಯಿತು.

ವೈದ್ಯರ ಉತ್ತರ:

ಒಳ್ಳೆಯ ಪ್ರಶ್ನೆ. ಚಳಿ ನಿದ್ದೆಗೆ ಹೋದ ಆರೋಗ್ಯವಂತ ಪ್ರಾಣಿಯ ತೂಕ ಹೆಚ್ಚು ಇಳಿಯುವುದಿಲ್ಲ. ಎಬ್ಬಿಸಿದರೆ ಕಣ್ಣು ತುಂಬಿಕೊಂಡಿರುತ್ತದೆ, ಬಾಲದ ಬುಡದಲ್ಲಿ ಮಾಂಸ ಇರುತ್ತದೆ. ಗುಂಡನ 75 ಗ್ರಾಂ ಹೋಗಿದೆ. ಅದು ನಿದ್ದೆಯ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮದೂ ಏಳೆಂಟು ವರ್ಷ ದಾಟಿದ್ದರೆ ಮುಂದಿನ ಚಳಿಗೆ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿ. "ಮಲಗಿದೆ" ಅಂದುಕೊಂಡೇ ಕೈತಪ್ಪಿದ ಪ್ರಾಣಿಗಳನ್ನು ನೋಡಿದ್ದೇನೆ.

ಪ್ರಶ್ನೆ ಕೇಳಿದವರು (ಮೂರು ದಿನದ ನಂತರ):

ನೀವು ಎಕ್ಸ್‌ರೇ ನೋಡಿ ಕರುಳು ಕಟ್ಟಿಲ್ಲ ಅಂದ ದಿನ ಸಂಜೆಯೇ ಸ್ನಾನದ ನೀರಲ್ಲಿ ಮಲ ಹಾಕಿದ. ನನಗೆ ಅಳುವೇ ಬಂತು. ಈಗ ದೀಪದ ಕೆಳಗೆ 39 ಇದೆ. ನೀರು ನೆಕ್ಕುತ್ತಿದ್ದಾನೆ. ಮೂಳೆ ತೆಳುವಾಗಿದೆ, ರಕ್ತದಲ್ಲಿ ಯೂರಿಕ್ ಆಮ್ಲ ಜಾಸ್ತಿ ಇದೆ ಅಂದಿರಿ. ಮಗನಿಗೂ ಹೇಳಬೇಕು, ಇನ್ನೊಮ್ಮೆ ಇಲ್ಲಿ ಬರೆಯಿರಿ. ಇನ್ನು ಊಟ ಶುರು ಮಾಡಬಹುದಾ?

ವೈದ್ಯರ ಉತ್ತರ:

ಈಗ ಮಾಡಬಹುದು. ಎಲ್ಲರಿಗೂ ಉಪಯೋಗವಾಗಲಿ ಅಂತ ಕಾರಣ ಸಮೇತ ಬರೆಯುತ್ತೇನೆ.

ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೂಪರ್‌ವರ್ಮ್‌ನಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ರಂಜಕ ಹೆಚ್ಚು. ಮೇಲಿಂದ ಹಳೆಯ ಟ್ಯೂಬ್. ಮೂರೂ ಸೇರಿ ಮೂಳೆ ತೆಳುವಾಯಿತು. ಯೂರಿಕ್ ಆಮ್ಲದ ಕತೆ ಬೇರೆ. ಇವುಗಳ ಮೂತ್ರವೇ ಆ ಬಿಳಿ ಭಾಗ. ಮೈಯಲ್ಲಿ ನೀರು ಕಡಿಮೆಯಾಗಿ, ವಯಸ್ಸಾದ ಮೂತ್ರಪಿಂಡ ಸೋತರೆ ಅದು ಹೊರಗೆ ಹೋಗದೆ ರಕ್ತದಲ್ಲಿ ಉಳಿಯುತ್ತದೆ. ಆಮೇಲೆ ಕೀಲುಗಳಲ್ಲಿ ಕೂತರೆ ಗೌಟ್, ತುಂಬಾ ನೋವಿನ ಕಾಯಿಲೆ. ಪ್ರೋಟೀನ್ ಹೆಚ್ಚಾದಷ್ಟೂ ಇದು ಹೆಚ್ಚುತ್ತದೆ. ಅದಕ್ಕೇ ಮೊಟ್ಟೆ ಬೇಡ, ಹುಳು ಸದ್ಯಕ್ಕೆ ಬೇಡ.

ನುಗ್ಗೆಸೊಪ್ಪು ಒಂದು ಹಿಡಿ, ಸಿಹಿ ಕುಂಬಳಕಾಯಿ ಎರಡು ತುಂಡು ಬೇಯಿಸಿ, ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಿ. ಸಿರಿಂಜಿನಿಂದ ಸಲೀಸಾಗಿ ಇಳಿಯುವಷ್ಟು ತೆಳ್ಳಗಿರಲಿ. ನಾನು ಕೊಟ್ಟ ಕ್ಯಾಲ್ಸಿಯಂ ಪುಡಿ ಒಂದು ಚಿಟಿಕೆ. ಉಪ್ಪು, ಒಗ್ಗರಣೆ ಏನೂ ಇಲ್ಲ. ಮೊದಲ ಮೂರು ದಿನ ಬೆಳಿಗ್ಗೆ ಒಂದೇ ಹೊತ್ತು, ಒಂದೂವರೆ ಎಂಎಲ್. ತಡೆದುಕೊಂಡರೆ ಮೂರು ಎಂಎಲ್. ವಾರದ ನಂತರ ತೂಕ ನೋಡಿ ಹೆಚ್ಚಿಸೋಣ. ಇಷ್ಟೇ ಸಾಕಾ ಅಂತ ನಿಮಗೆ ಅನ್ನಿಸುತ್ತದೆ. ಬರಗಾಲದಲ್ಲಿ ಮೇವಿಲ್ಲದೆ ಒಣಗಿದ ಎತ್ತಿನ ಮುಂದೆ ಒಮ್ಮೆಲೇ ಬುಟ್ಟಿ ತುಂಬ ಜೋಳ ಇಟ್ಟರೆ ಏನಾಗುತ್ತದೆ ಅಂತ ನಮ್ಮ ಕಡೆಯ ರೈತರಿಗೆ ಗೊತ್ತು. ಉಪವಾಸದ ಮೈಗೆ ಊಟವೂ ಭಾರ.

ಕೊಡುವ ರೀತಿ ಇನ್ನೂ ಮುಖ್ಯ. ದೀಪದ ಕೆಳಗೆ ಒಂದು ಗಂಟೆ ಕೂತ ಮೇಲೆ ಕೊಡಿ. ಹೊಟ್ಟೆಯ ಮೇಲೇ ಮಲಗಿರಲಿ, ತಲೆ ಸ್ವಲ್ಪ ಎತ್ತಿರಲಿ, ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ. ಸಿರಿಂಜಿನ ತುದಿಯಿಂದ ತುಟಿಯ ಪಕ್ಕಕ್ಕೆ ಮೆಲ್ಲಗೆ ಸವರಿ, ಒಂದು ಹನಿ ಅಂಟಿಸಿ, ನೆಕ್ಕಲಿ. ಗಡ್ಡದ ಚರ್ಮ ಹಿಡಿದು ಬಾಯಿ ಎಳೆಯಬೇಡಿ. ಅವನ ಮೂಳೆ ತೆಳುವಾಗಿದೆ, ದವಡೆ ಮುರಿಯಬಹುದು. ದವಡೆಯ ಅಂಚಿನ ಹಲ್ಲು ಹೋದರೆ ಮತ್ತೆ ಬರುವುದಿಲ್ಲ, ಆದ್ದರಿಂದ ಸ್ಟೀಲ್ ಚಮಚವೂ ಬೇಡ. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ. ಬಾಯಿಗೆ ಒತ್ತಿ ಬಿಟ್ಟರೆ ಊಟ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರೆಳೆದರೆ ಅಲ್ಲಿಗೇ ನಿಲ್ಲಿಸಿ ನನಗೆ ಫೋನ್ ಮಾಡಿ.

ದಿನಾ ಬೆಳಿಗ್ಗೆ ಊಟಕ್ಕೆ ಮುಂಚೆ ತೂಗಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆಯಿರಿ. ಮನುಷ್ಯರ ನೋವಿನ ಮಾತ್ರೆ, ದನಕ್ಕೆ ಕೊಡುವ ಜಂತುಹುಳದ ಔಷಧಿ ಯಾರು ಹೇಳಿದರೂ ಹಾಕಬೇಡಿ.

ಇನ್ನೊಬ್ಬ ಸದಸ್ಯರು (ರೇಷ್ಮೆ ಬೆಳೆಗಾರರು, ಹೊಳಲ್ಕೆರೆ ಕಡೆಯವರು):

ಡಾಕ್ಟ್ರೇ, ನಮ್ಮಲ್ಲಿ ಹುಳು ಮನೆ ಇದೆ. ಅಕ್ಕನವರಿಗೆ ಬೇಕಾದರೆ ರೇಷ್ಮೆ ಹುಳು ಕಳಿಸುತ್ತೇನೆ, ದುಡ್ಡು ಬೇಡ. ಇವಕ್ಕೆ ಆಗುತ್ತಾ?

ವೈದ್ಯರ ಉತ್ತರ:

ನಿಮ್ಮ ಮನಸ್ಸು ದೊಡ್ಡದು. ಆರೋಗ್ಯವಾಗಿರುವ ಡ್ರ್ಯಾಗನ್‌ಗೆ ರೇಷ್ಮೆ ಹುಳುವಿಗಿಂತ ಒಳ್ಳೆಯ ಹುಳು ಕಡಿಮೆ. ಮೈ ಮೃದು, ನೀರಿನಂಶ ಜಾಸ್ತಿ, ಕೊಬ್ಬು ಕಡಿಮೆ. ಮೂರನೇ ಜ್ವರ ಎದ್ದ, ಅಂದರೆ ಮೂರನೇ ಸಲ ಪೊರೆ ಬಿಟ್ಟ ಹುಳು ಒಳ್ಳೆಯದು, ಆದರೆ ಪ್ರಾಣಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು. ಹುಳು ಸಾಕುವ ಹಾಸಿಗೆಗೆ ಸೋಂಕು ನಿವಾರಕ ಪುಡಿ ಎರಚಿದ್ದರೆ ಆ ಹುಳು ಬೇಡ, ರೋಗ ಬಿದ್ದ ತಟ್ಟೆಯದಂತೂ ಬೇಡ. ಗುಂಡನಿಗೆ ಮಾತ್ರ ರಕ್ತ ಸರಿಹೋಗುವವರೆಗೆ ತಡೆಯೋಣ. ಅವನಿಗೆ ಈಗ ನಿಮ್ಮ ತೋಟದಿಂದ ಬೇಕಾದದ್ದು ಹಿಪ್ಪುನೇರಳೆ ಸೊಪ್ಪು. ಔಷಧಿ ಹೊಡೆಯದ ಎಳೆ ಎಲೆ ಇದ್ದರೆ ಕಳಿಸಿ, ನುಗ್ಗೆಸೊಪ್ಪಿನ ಜೊತೆ ರುಬ್ಬಲಿ.

ಪ್ರಶ್ನೆ ಕೇಳಿದವರು (ಎರಡು ವಾರದ ನಂತರ):

ಇವತ್ತು 352 ಗ್ರಾಂ. ಹೊಳಲ್ಕೆರೆಯ ಅಣ್ಣ ಬಸ್ಸಿನಲ್ಲಿ ಸೊಪ್ಪು ಕಳಿಸಿದರು, ಅವರಿಗೆ ಪುಣ್ಯ ಬರಲಿ. ನಿನ್ನೆ ದಾಸವಾಳದ ಹೂವನ್ನು ಮುಂದೆ ಹಿಡಿದೆ, ಒಂದು ದಳ ತಾನೇ ಕಚ್ಚಿ ತಿಂದ. ಆದರೆ ಹಿಂಗಾಲು ಇನ್ನೂ ಎಳೆದುಕೊಂಡೇ ನಡೆಯುತ್ತಾನೆ. ಒಂದು ಮಾತು ಕೇಳಬೇಕು ಡಾಕ್ಟ್ರೇ. ಇಷ್ಟೆಲ್ಲ ಮಾಡಿ ನಾನು ಅವನಿಗೆ ಸುಮ್ನೆ ಹಿಂಸೆ ಕೊಡುತ್ತಿದ್ದೇನಾ?

ವೈದ್ಯರ ಉತ್ತರ:

ಇಲ್ಲ ಅಕ್ಕ. ಇವತ್ತಿನ ಮಟ್ಟಿಗೆ ಇಲ್ಲ. ತಾನಾಗಿ ಹೂವು ಕಚ್ಚಿದ ಪ್ರಾಣಿ ಬದುಕುವ ಕಡೆ ಮುಖ ಮಾಡಿದೆ.

ಆದರೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ, ನೇರವಾಗಿಯೇ ಹೇಳುತ್ತೇನೆ. ಇವು ಸಾಕಿದ ಮನೆಯಲ್ಲಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬಾಳುತ್ತವೆ. ಒಂಬತ್ತು ಅಂದರೆ ಮುದಿತನವೇ. ಮೂತ್ರಪಿಂಡ ಹಾಳಾದಷ್ಟು ಹಾಳಾಗಿದೆ, ಅದು ಹೊಸದಾಗುವುದಿಲ್ಲ. ಉಳಿದದ್ದನ್ನು ಕಾಪಾಡುವುದಷ್ಟೇ ನಮ್ಮ ಕೈಯಲ್ಲಿದೆ. ಮುಂದೆ ಅವನು ದೀಪದ ಕಡೆ ಹೋಗುವುದನ್ನೇ ಬಿಟ್ಟರೆ, ಗಡ್ಡ ದಿನವಿಡೀ ಕಪ್ಪಾಗಿಯೇ ಉಳಿದರೆ, ಮುಟ್ಟಿದರೆ ನೋವಿಗೆ ಬಾಯಿ ತೆರೆದರೆ, ನೀವು ಕೊಟ್ಟದ್ದನ್ನು ನುಂಗದೆ ವಾರವಿಡೀ ತೂಕ ಇಳಿಯುತ್ತಲೇ ಹೋದರೆ, ಆಗ ನನ್ನ ಹತ್ತಿರ ತನ್ನಿ. ನೋವಿಲ್ಲದೆ ಕಳಿಸಿಕೊಡುವ ದಾರಿ ಇದೆ. ಅವತ್ತು ನಾನೇ ನಿಮಗೆ ಹೇಳುತ್ತೇನೆ, ನೀವೊಬ್ಬರೇ ತೀರ್ಮಾನ ಹೊರಬೇಕಾಗಿಲ್ಲ.

ಈಗ ಸಿರಿಂಜ್ ಮುಂದುವರಿಸಿ, ಮೂರು ಎಂಎಲ್ ಬೆಳಿಗ್ಗೆ, ಎರಡು ಮಧ್ಯಾಹ್ನ. ಮೂರು ಗಂಟೆಯ ಮೇಲೆ ಕೊಡಬೇಡಿ, ದೀಪ ಆರುವ ಮುಂಚೆ ಅರಗಬೇಕು. ಹಿಂಗಾಲು ಜಾರದಂತೆ ತೊಟ್ಟಿಯ ತಳಕ್ಕೆ ಹಳೆಯ ಕಾಟನ್ ಸೀರೆ ಮಡಿಸಿ ಹಾಸಿ, ದಾರ ಬಿಟ್ಟಿರದ ಭಾಗ ನೋಡಿಕೊಳ್ಳಿ. ಕಲ್ಲಿನ ಎತ್ತರ ಕಡಿಮೆ ಮಾಡಿ, ಹತ್ತಲು ಕಷ್ಟಪಡದಿರಲಿ. ಸೋಮವಾರ ಮತ್ತೆ ರಕ್ತ ನೋಡೋಣ. ಬರುವಾಗ ಡಬ್ಬಕ್ಕೆ ಬಿಸಿನೀರಿನ ಬಾಟಲಿ ಮರೆಯಬೇಡಿ, ಕ್ಯಾಲೆಂಡರೂ ತನ್ನಿ.