ಅಪ್‌ಡೇಟ್: ಸಿಲಿಕಾನ್ ರಿಂಗ್‌ನ ಆ ತ್ರಿಕೋನಕ್ಕೆ ಕಾರಣ ಸಿಕ್ಕಿತು

ನಾನು ಕೇಳಿದ್ದು ಇಷ್ಟೇ: ಸಿಲಿಕಾನ್ ಮೈಕ್ರೋರಿಂಗ್‌ಗೆ (ಚಿಪ್ ಮೇಲೆ ಬೆಳಕು ಸುತ್ತುವ ಪುಟ್ಟ ಉಂಗುರ) 1550 ನ್ಯಾನೋಮೀಟರ್ ಸುತ್ತಮುತ್ತ ಲೇಸರ್ ಬಿಟ್ಟು ಪವರ್ ಜಾಸ್ತಿ ಮಾಡಿದರೆ, ರೆಸೊನೆನ್ಸ್ ಗ್ರಾಫ್ (ರಿಂಗ್ ಬೆಳಕನ್ನು ಹಿಡಿದುಕೊಳ್ಳುವ ತರಂಗಾಂತರದಲ್ಲಿ ಕಾಣುವ ತಗ್ಗು) ಒಂದು ಕಡೆ ವಾಲಿ ತ್ರಿಕೋನ ಆಗುತ್ತದೆ. ಇದು ಕೆರ್ ಪರಿಣಾಮವಾ, ಅಂದರೆ ಬೆಳಕಿನ ತೀವ್ರತೆಯಿಂದಲೇ ವಸ್ತುವಿನ ವಕ್ರೀಭವನ ಸೂಚ್ಯಂಕ ಬದಲಾಗುವುದಾ? "ಉಲ್ಟಾ ದಿಕ್ಕಿನಲ್ಲೂ ಸ್ಕ್ಯಾನ್ ಮಾಡಿ ನೋಡಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ಹಾಗೇ ಮಾಡಿದೆ.

ತರಂಗಾಂತರ ಏರಿಸುತ್ತಾ ಹೋದಾಗ ಗ್ರಾಫ್ ನಿಧಾನವಾಗಿ ಇಳಿದು, ತಳ ಮುಟ್ಟಿದ ಮೇಲೆ ತಟಕ್ಕನೆ ಮೇಲಕ್ಕೆ ಹಾರುತ್ತದೆ. ವಾಪಸ್ ಬರುವಾಗ ಅದೇ ತಗ್ಗು ಕಿರಿದಾಗಿ, ಬೇರೆ ಜಾಗದಲ್ಲಿ ಕಾಣುತ್ತದೆ. ಪವರ್ ಇಳಿಸಿದರೆ ಎರಡೂ ಒಂದೇ.

ಇದಕ್ಕೆ ಮುಖ್ಯ ಕಾರಣ ಬಿಸಿ. ಸಿಲಿಕಾನ್ ಬ್ಯಾಂಡ್‌ಗ್ಯಾಪ್ (ಬೆಳಕು ಹೀರಿ ಎಲೆಕ್ಟ್ರಾನ್ ಬಿಡಿಸಲು ಬೇಕಾದ ಕನಿಷ್ಠ ಶಕ್ತಿ) 1.12 ಎಲೆಕ್ಟ್ರಾನ್ ವೋಲ್ಟ್, ನಮ್ಮ ಫೋಟಾನ್‌ಗೆ ಇರುವುದು 0.8 ಮಾತ್ರ. ಒಂದರಿಂದ ಆಗದ ಕೆಲಸ ಅದು. ಆದರೆ ರಿಂಗ್ ಒಳಗೆ ಬೆಳಕು ಸುತ್ತಿ ಸುತ್ತಿ ತೀವ್ರತೆ ಏರಿದಾಗ, ಎರಡು ಫೋಟಾನ್‌ಗಳನ್ನು ಸಿಲಿಕಾನ್ ಒಟ್ಟಿಗೆ ಹೀರುತ್ತದೆ. ಆಗ ಹುಟ್ಟಿದ ಎಲೆಕ್ಟ್ರಾನ್‌ಗಳೂ ಮತ್ತಷ್ಟು ಬೆಳಕು ಹೀರುತ್ತವೆ. ಹೀಗೆ ಹೀರಿದ ಬೆಳಕು ಬಿಸಿಯಾಗಿ ಬದಲಾಗುತ್ತದೆ. ರಿಂಗ್ ಒಂದು ಡಿಗ್ರಿ ಬಿಸಿಯಾದರೆ ರೆಸೊನೆನ್ಸ್ ಸುಮಾರು 0.07 ನ್ಯಾನೋಮೀಟರ್ ಮುಂದಕ್ಕೆ ಸರಿಯುತ್ತದೆ. ಲೇಸರ್ ಬೆನ್ನಟ್ಟಿದಷ್ಟೂ ಅದು ಮುಂದೆ ಓಡುತ್ತದೆ. ಎಷ್ಟು ಚೆಂದ ಅಲ್ವಾ! ಕೆರ್ ಕೂಡ ಅದೇ ದಿಕ್ಕಿಗೆ ತಳ್ಳುತ್ತದೆ. ಆದರೆ ನಿಧಾನದ ಸ್ಕ್ಯಾನ್‌ನಲ್ಲಿ ಬಿಸಿಯ ಮುಂದೆ ಅದು ತೀರಾ ಚಿಕ್ಕದು.

ಕೆರ್ ಕಾಂಬ್ (ಕೆರ್ ಪರಿಣಾಮದಿಂದ ಒಂದೇ ಲೇಸರ್ ಸಮ ಅಂತರದ ಹಲವು ತರಂಗಾಂತರಗಳಾಗುವುದು) ನೋಡುವ ಆಸೆ ನನಗೆ ಇನ್ನೂ ಇದೆ. ಅದಕ್ಕೆ ಸಿಲಿಕಾನ್ ನೈಟ್ರೈಡ್ ರಿಂಗ್ ಹುಡುಕುತ್ತಿದ್ದೇನೆ. ಅದರ ಬ್ಯಾಂಡ್‌ಗ್ಯಾಪ್ ದೊಡ್ಡದು, 1550ರಲ್ಲಿ ಎರಡು ಫೋಟಾನ್ ಹೀರಿಕೆಯ ಕಾಟ ಇರುವುದಿಲ್ಲ.