ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಆಟಗಾರ ರೈನ್ ಸ್ಯಾಂಡ್‌ಬರ್ಗ್ ಮೈನರ್ ಲೀಗ್ ಮ್ಯಾನೇಜರ್ ಆದದ್ದೇಕೆ?

ಒಂಬತ್ತನೇ ಇನಿಂಗ್ಸ್ (ಪ್ರಶ್ನೆ):
2025ರ ಜುಲೈನಲ್ಲಿ ನಿಧನರಾದ ಅಮೆರಿಕದ ಬೇಸ್‌ಬಾಲ್ ಆಟಗಾರ ರೈನ್ ಸ್ಯಾಂಡ್‌ಬರ್ಗ್ ಅವರ ವೃತ್ತಿಜೀವನದ ಬಗ್ಗೆ ಓದುವಾಗ ಒಂದು ಸಂಗತಿ ಬಗೆಹರಿಯಲಿಲ್ಲ. ಷಿಕಾಗೊ ಕಬ್ಸ್ ತಂಡದ ಸೆಕೆಂಡ್ ಬೇಸ್‌ಮನ್ (ಎರಡನೇ ಬೇಸ್ ಕಾಯುವ ಫೀಲ್ಡರ್) ಆಗಿದ್ದ ಅವರು 1984ರಲ್ಲಿ, ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಶ್ರೇಷ್ಠ ಆಟಗಾರನೆನಿಸಿಕೊಂಡರು, 1983ರಿಂದ 1991ರವರೆಗೆ ಪ್ರತಿ ವರ್ಷವೂ ಶ್ರೇಷ್ಠ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪಡೆದರು, 2005ರಲ್ಲಿ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಇಷ್ಟೆಲ್ಲ ಆದ ಮೇಲೆ, 2007ರಲ್ಲಿ ಅವರು ಮೇಜರ್ ಲೀಗ್‌ಗೆ ಆಟಗಾರರನ್ನು ತಯಾರು ಮಾಡುವ ಮೈನರ್ ಲೀಗ್‌ನ ಕೆಳ ಮೆಟ್ಟಿಲಿನ ಪಿಯೋರಿಯಾ ಚೀಫ್ಸ್ ತಂಡದ ಮ್ಯಾನೇಜರ್ (ತಂಡವನ್ನು ಮೈದಾನದಲ್ಲಿ ನಡೆಸುವ ಮುಖ್ಯ ತರಬೇತುದಾರ) ಆಗಿ ಹೋದದ್ದೇಕೆ? ಅಷ್ಟು ದೊಡ್ಡ ಆಟಗಾರನಿಗೆ ಅದು ಹಿಂಬಡ್ತಿಯಲ್ಲವೇ?

ಹಳೇ ಸ್ಕೋರ್‌ಕಾರ್ಡ್:
ಹಿಂಬಡ್ತಿ ಎನ್ನಲು ಅವರು ಅದಕ್ಕೂ ಮೊದಲು ಮ್ಯಾನೇಜರ್ ಆಗಿಯೇ ಇರಲಿಲ್ಲ. 2006ರ ಋತುವಿನ ನಂತರ ಕಬ್ಸ್‌ನ ಮ್ಯಾನೇಜರ್ ಹುದ್ದೆ ತೆರವಾದಾಗ ಸ್ಯಾಂಡ್‌ಬರ್ಗ್ ಆಸಕ್ತಿ ತೋರಿಸಿದ್ದರು. ಅನುಭವವಿಲ್ಲದ ಕಾರಣ ಮೊದಲು ಮೈನರ್ ಲೀಗ್‌ನಲ್ಲಿ ಕಲಿಯುವಂತೆ ಆಡಳಿತ ಸೂಚಿಸಿತು, ಹುದ್ದೆ ಲೂ ಪಿನೆಲ್ಲಾ ಅವರಿಗೆ ಹೋಯಿತು. ಹೆಸರಿನ ಬಲದಿಂದ ಬೇರೆ ದಾರಿ ಹುಡುಕಬಹುದಾಗಿದ್ದ ಸ್ಯಾಂಡ್‌ಬರ್ಗ್, ಆ ಮಾತನ್ನು ಅಕ್ಷರಶಃ ಪಾಲಿಸಿದರು. ಪಿಯೋರಿಯಾದಲ್ಲಿ ಎರಡು ಋತು, 2009ರಲ್ಲಿ ಅದಕ್ಕಿಂತ ಮೇಲಿನ ಡಬಲ್ ಎ ಹಂತದ ಟೆನೆಸ್ಸಿ ಸ್ಮೋಕೀಸ್, 2010ರಲ್ಲಿ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್ ಎ ಹಂತದ ಅಯೋವಾ ಕಬ್ಸ್. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. ಅಯೋವಾದ ಕೆಲಸಕ್ಕಾಗಿ, ಆ ತಂಡ ಆಡುತ್ತಿದ್ದ ಪೆಸಿಫಿಕ್ ಕೋಸ್ಟ್ ಲೀಗ್‌ನ ವರ್ಷದ ಮ್ಯಾನೇಜರ್ ಪ್ರಶಸ್ತಿಯೂ ಬಂತು.

ಅದೇ 2010ರಲ್ಲಿ ಪಿನೆಲ್ಲಾ ನಿವೃತ್ತರಾದಾಗ ಈ ಬಾರಿ ಸರದಿ ಸ್ಯಾಂಡ್‌ಬರ್ಗ್ ಅವರದೇ ಎಂದು ಬಹಳ ಜನ ನಂಬಿದ್ದರು. ಹುದ್ದೆ ಸಿಕ್ಕಿದ್ದು ಮೈಕ್ ಕ್ವೇಡ್ ಅವರಿಗೆ. ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದ, ಆದರೆ ಮೈನರ್ ಲೀಗ್ ತಂಡಗಳನ್ನು ನಡೆಸುತ್ತಲೇ ಹಲವಾರು ವರ್ಷ ಕಳೆದಿದ್ದ ವ್ಯಕ್ತಿ ಅವರು. ಆಡಿದ ದಾಖಲೆಗೂ ನಡೆಸುವ ಹುದ್ದೆಗೂ ಸಂಬಂಧ ಎಷ್ಟು ತೆಳುವಾದದ್ದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತೋಚುವುದಿಲ್ಲ.

ಎಡಗೈ ಪಿಚರ್:
ಹಳೇ ಸ್ಕೋರ್‌ಕಾರ್ಡ್ ಅವರ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ. ಮೈನರ್ ಲೀಗ್ ಮ್ಯಾನೇಜರ್ ಎಂದರೆ ದೊಡ್ಡ ಹುದ್ದೆಯ ಸಣ್ಣ ರೂಪವಲ್ಲ; ಕೆಲಸವೇ ಬೇರೆ. ಯಾರು ತಂಡದಲ್ಲಿರಬೇಕು, ಯಾರಿಗೆ ಯಾವಾಗ ಬಡ್ತಿ, ಯಾರನ್ನು ಕೈಬಿಡಬೇಕು ಎಂಬುದನ್ನೆಲ್ಲ ಮೇಲಿನ ಮೂಲ ತಂಡ ತೀರ್ಮಾನಿಸುತ್ತದೆ. ಯುವ ಪಿಚರ್ (ಚೆಂಡು ಎಸೆಯುವವ) ಒಬ್ಬ ಎದುರಾಳಿಗಳನ್ನು ಕಟ್ಟಿಹಾಕಿ ತಂಡವನ್ನು ಮುನ್ನಡೆಯಲ್ಲಿಟ್ಟಿದ್ದರೂ, ಅವನಿಗೆ ನಿಗದಿಪಡಿಸಿದ ಎಸೆತಗಳ ಮಿತಿ ಮುಗಿದ ಕೂಡಲೇ ಮ್ಯಾನೇಜರ್ ಪಿಚರ್ ನಿಲ್ಲುವ ದಿಬ್ಬಕ್ಕೆ ನಡೆದು ಅವನ ಕೈಯಿಂದ ಚೆಂಡು ತೆಗೆದುಕೊಳ್ಳಲೇಬೇಕು, ಆ ಪಂದ್ಯ ಸೋತರೂ ಸರಿ. ಪಂದ್ಯ ಮುಗಿದ ಮೇಲೆ ಆಟಗಾರರ ಬಗ್ಗೆ ವರದಿ ಕಳಿಸಬೇಕು. ತಂಡ ಕೈಬಿಟ್ಟ ಹುಡುಗನನ್ನು ಕೋಣೆಗೆ ಕರೆದು ವಿಷಯ ತಿಳಿಸುವುದೂ ಸಾಮಾನ್ಯವಾಗಿ ಮ್ಯಾನೇಜರ್ ಪಾಲಿಗೇ ಬರುತ್ತದೆ.

ಈ ಕೆಲಸದಲ್ಲೇ ಬದುಕು ಸವೆಸಿದವರೂ ಇದ್ದಾರೆ. ಸ್ಟಾನ್ ವಾಸಿಯಾಕ್ 1950ರಿಂದ 1986ರವರೆಗೆ ಸತತ 37 ಋತು ಮೈನರ್ ಲೀಗ್ ತಂಡಗಳನ್ನು ನಡೆಸಿದರು. ಮೇಜರ್ ಲೀಗ್ ತಂಡವೊಂದನ್ನು ನಡೆಸುವ ಅವಕಾಶ ಅವರಿಗೆ ಬರಲೇ ಇಲ್ಲ. ಜಿಮ್ ಲೇಲ್ಯಾಂಡ್ ಆಟಗಾರನಾಗಿ ಮೈನರ್ ಲೀಗ್ ದಾಟಲಿಲ್ಲ, ಆದರೆ ಡೆಟ್ರಾಯ್ಟ್ ಟೈಗರ್ಸ್‌ನ ಕಿರಿಯ ತಂಡಗಳಲ್ಲಿ ಪಳಗಿ, 1997ರಲ್ಲಿ ಫ್ಲಾರಿಡಾ ಮಾರ್ಲಿನ್ಸ್ ತಂಡಕ್ಕೆ ಮೇಜರ್ ಲೀಗ್‌ನ ಚಾಂಪಿಯನ್‌ಷಿಪ್ ಆದ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು.

ಒಂಬತ್ತನೇ ಇನಿಂಗ್ಸ್:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆ ಕಲಿಕೆ ಸ್ಯಾಂಡ್‌ಬರ್ಗ್ ಅವರಿಗೆ ಕೊನೆಗೆ ಫಲ ಕೊಟ್ಟಿತೇ?

ಹಳೇ ಸ್ಕೋರ್‌ಕಾರ್ಡ್:
ಭಾಗಶಃ ಎನ್ನಬಹುದು. ಅವರು ತಮ್ಮನ್ನು ಮೊದಲು ಮೇಜರ್ ಲೀಗ್‌ಗೆ ಇಳಿಸಿದ್ದ ಫಿಲಡೆಲ್ಫಿಯಾ ಫಿಲೀಸ್ ಸಂಸ್ಥೆಗೇ ಮರಳಿ, 2011 ಮತ್ತು 2012ರಲ್ಲಿ ಅದರ ಟ್ರಿಪಲ್ ಎ ತಂಡವಾದ ಲೀಹೈ ವ್ಯಾಲಿ ಐರನ್‌ಪಿಗ್ಸ್ ಅನ್ನು ನಡೆಸಿದರು. 2013ರಲ್ಲಿ ಫಿಲೀಸ್‌ನ ಥರ್ಡ್ ಬೇಸ್ ಕೋಚ್ (ಬೇಸ್‌ಗಳ ನಡುವೆ ಓಡುವವರಿಗೆ ಸೂಚನೆ ಕೊಡುವವ) ಆದರು. ಆ ಆಗಸ್ಟ್‌ನಲ್ಲಿ ಚಾರ್ಲಿ ಮ್ಯಾನುಯಲ್ ಅವರನ್ನು ತೆಗೆದಾಗ ಹಂಗಾಮಿಯಾಗಿ, ಮುಂದಿನ ತಿಂಗಳು ಕಾಯಂ ಆಗಿ ಮ್ಯಾನೇಜರ್ ಸ್ಥಾನಕ್ಕೆ ಬಂದರು. ಆದರೆ ಅವರ ಕೈಗೆ ಬಂದದ್ದು 2008ರ ವರ್ಲ್ಡ್ ಸೀರೀಸ್ ವಿಜಯದ ನೆನಪಿನಲ್ಲಿ ವಯಸ್ಸಾಗುತ್ತಿದ್ದ ತಂಡ. 119 ಗೆಲುವು, 159 ಸೋಲುಗಳ ನಂತರ 2015ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು.

ಎಡಗೈ ಪಿಚರ್:
ಆ ಅಂಕಿಗಳಿಂದ ಅವರನ್ನು ಅಳೆಯುವುದು ಪೂರ್ತಿ ನ್ಯಾಯವಲ್ಲ, ಆದರೆ ಎಲ್ಲ ದೋಷವನ್ನೂ ತಂಡದ ಮೇಲೆ ಹೊರಿಸಲೂ ಆಗದು. ಹೇಳಿದ್ದನ್ನು ಕೇಳಿಸಿಕೊಳ್ಳಲು ಕಾರಣವಿರುವ ಇಪ್ಪತ್ತೆರಡರ ಹುಡುಗರನ್ನು ತಿದ್ದುವುದು ಒಂದು ಬಗೆ. ಕೋಟಿಗಟ್ಟಲೆ ಡಾಲರ್‌ಗಳ ಒಪ್ಪಂದವಿರುವ, ವರ್ಲ್ಡ್ ಸೀರೀಸ್ ಗೆದ್ದ ಹಿರಿಯರಿಗೆ ಇಂದು ನೀವು ಆಡುವುದು ಬೇಡ ಎನ್ನುವುದು ಇನ್ನೊಂದು ಬಗೆ. ಎರಡನೆಯದನ್ನು ಪಿಯೋರಿಯಾದಲ್ಲಾಗಲಿ ಅಯೋವಾದಲ್ಲಾಗಲಿ ಕಲಿಯಲು ಅವಕಾಶವೇ ಇರುವುದಿಲ್ಲ.